ಎಪ್ಪತ್ತೈದು ಮೀಟರ್ ಕೇಸು: ಕೆರೆ ಪಕ್ಕದ ಗೆರೆ ಎಳೆಯೋದು ಯಾರು?

2016ರ ಜೂನ್ ತಿಂಗಳು. ನನ್ನ ಆಫೀಸಿಗೆ ಒಬ್ಬರು ನಿವೃತ್ತ ಬಸ್ ಡ್ರೈವರ್ ಬಂದರು. ಕೈಯಲ್ಲಿ ಜವಳಿ ಅಂಗಡಿಯ ಪ್ಲಾಸ್ಟಿಕ್ ಕವರ್, ಅದರೊಳಗೆ ಕ್ರಯಪತ್ರ, ಖಾತಾ, ಹತ್ತು ವರ್ಷದ ಕಂದಾಯದ ರಸೀದಿ. ಬೆಂಗಳೂರಿನ ಹೊರವಲಯದಲ್ಲಿ 30x40 ಸೈಟು, ಪಿಎಫ್ ದುಡ್ಡು ಹಾಕಿ ತಗೊಂಡಿದ್ದು. ಮನೆ ಕಟ್ಟೋಣ ಅಂತ ಪ್ಲ್ಯಾನ್ ಮಂಜೂರಾತಿಗೆ ಅರ್ಜಿ ಹಾಕಿದ್ದಾರೆ, ಕಚೇರಿಯವರು ವಾಪಸ್ ಕಳಿಸಿದ್ದಾರೆ. ಕಾರಣ ಕೇಳಿದರೆ "ದಿಲ್ಲಿಯಿಂದ ಆರ್ಡರ್ ಬಂದಿದೆ" ಅಂದರಂತೆ.

"ಲಾಯರಮ್ಮ, ನನ್ನ ಸೈಟಿಗೂ ದಿಲ್ಲಿಗೂ ಏನು ಸಂಬಂಧ?" ಅಂತ ಕೇಳಿದರು.

ಸಂಬಂಧ ಇತ್ತು. ಈ ಬರಹ ಆ ಸಂಬಂಧದ ಬಗ್ಗೆ. ಸ್ಥಳೀಯ ಸಂಸ್ಥೆ, ನಗರ ಯೋಜನೆ, ಪರಿಸರ ಈ ಮೂರೂ ಸೇರುವ ಕಡೆ ವಕೀಲಿಕೆ ಮಾಡಬೇಕು ಅಂತ ಇರುವ ಹುಡುಗ ಹುಡುಗಿಯರು ಆಗಾಗ ಕೇಳ್ತಾರೆ: ಕ್ರಿಮಿನಲ್‌ನಲ್ಲಿ ಹೆಸರಿದೆ, ಕಂಪನಿ ಕಡೆ ಹೋದರೆ ದುಡ್ಡಿದೆ, ಇದರಲ್ಲಿ ಏನಿದೆ ಮೇಡಂ? ನಾನು ಉಪದೇಶ ಮಾಡೋಕೆ ಹೋಗಲ್ಲ, ಈ ಒಂದು ಕೇಸು ಓದಿ ಅಂತೀನಿ. ಅಗರ ಮತ್ತು ಬೆಳ್ಳಂದೂರು ಕೆರೆಗಳ ನಡುವಿನ ಜಾಗದ ಕೇಸು. 2014ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯಲ್ಲಿ ಶುರುವಾಗಿ 2019ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟಿನಲ್ಲಿ ಮುಗಿಯಿತು. ನಮ್ಮ ಕ್ಷೇತ್ರದ ಒಳ್ಳೇದು ಕೆಟ್ಟದ್ದು ಎರಡೂ ಅದರಲ್ಲಿ ಸಿಗುತ್ತೆ.

ಮೊದಲು ಜಾಗ ಅರ್ಥ ಆಗಬೇಕು. ಬೆಂಗಳೂರಿನ ಕೆರೆಗಳು ಒಂಟಿ ಹೊಂಡಗಳಲ್ಲ, ಸರಪಳಿ. ಮೇಲಿನ ಕೆರೆ ತುಂಬಿ ಕೋಡಿ ಬಿದ್ದರೆ ನೀರು ರಾಜಕಾಲುವೆ ಹಿಡಿದು ಕೆಳಗಿನ ಕೆರೆಗೆ ಹೋಗುತ್ತೆ. ಕೋರಮಂಗಲ-ಚಲ್ಲಘಟ್ಟ ಕಣಿವೆಯಲ್ಲಿ ಅಗರ ಮೇಲೆ, ಬೆಳ್ಳಂದೂರು ಕೆಳಗೆ, ಅಲ್ಲಿಂದ ವರ್ತೂರು, ಆಮೇಲೆ ದಕ್ಷಿಣ ಪಿನಾಕಿನಿ. ಅಗರಕ್ಕೂ ಬೆಳ್ಳಂದೂರಿಗೂ ನಡುವೆ ಇರೋದು ಜೌಗು ನೆಲ. ಮಳೆಗಾಲದಲ್ಲಿ ನೀರು ಹರಡಿಕೊಂಡು ನಿಲ್ಲೋಕೆ, ಇಂಗೋಕೆ ಅಂತಲೇ ಇರುವ ಜಾಗ ಅದು. ಅಂಥ ಜಾಗದಲ್ಲಿ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ ಎರಡು ಖಾಸಗಿ ಕಂಪನಿಗಳಿಗೆ ಜಮೀನು ಕೊಟ್ಟಿತ್ತು. ಆಫೀಸು, ಮನೆ, ಮಾಲ್, ಹೋಟೆಲ್ ಎಲ್ಲಾ ಸೇರಿದ ದೊಡ್ಡ ಕಟ್ಟಡಗಳ ಯೋಜನೆ.

ಇಪ್ಪತ್ತು ಸಾವಿರ ಚದರ ಮೀಟರ್ ಮೇಲಿನ ಕಟ್ಟಡ ಕಟ್ಟೋಕೆ 2006ರ ಪರಿಸರ ಪರಿಣಾಮ ಅಧಿಸೂಚನೆ ಪ್ರಕಾರ ಮೊದಲೇ ಪರಿಸರ ಅನುಮತಿ ಬೇಕು. ಇಲ್ಲಿ 'ಮೊದಲೇ' ಅನ್ನೋ ಪದದ ಮೇಲೆ ಒತ್ತು. ಅಡಿಪಾಯ ತೋಡಿ ಆಮೇಲೆ ಅನುಮತಿ ತಂದರೆ ಆಗಲ್ಲ. ಊರಿನ ಕೆಲವು ನಾಗರಿಕ ಸಂಘಟನೆಗಳು ಹಸಿರು ನ್ಯಾಯಮಂಡಳಿಗೆ ಹೋದವು. ಕೇಸಿನ ಹೆಸರಿನಲ್ಲಿ ಇರುವುದು ಫಾರ್ವರ್ಡ್ ಫೌಂಡೇಶನ್, 2014ರ ಮೂಲ ಅರ್ಜಿ ಸಂಖ್ಯೆ 222. ವಿಚಾರಣೆ ದಿಲ್ಲಿಯ ಪ್ರಧಾನ ಪೀಠದಲ್ಲಿ.

2015ರ ಮೇ 7ಕ್ಕೆ ಮೊದಲ ತೀರ್ಪು ಬಂತು. ಅನುಮತಿ ಸಿಗೋ ಮೊದಲೇ ಕೆಲಸ ಶುರು ಮಾಡಿದ್ದಾರೆ ಅಂತ ನ್ಯಾಯಮಂಡಳಿ ಹೇಳಿ ಒಂದು ಕಂಪನಿಗೆ 117.35 ಕೋಟಿ, ಇನ್ನೊಂದಕ್ಕೆ 22.5 ಕೋಟಿ ರೂಪಾಯಿ ಕಟ್ಟಿ ಅಂದಿತು. ಯೋಜನೆಯ ವೆಚ್ಚದ ಶೇ. 5ರ ಲೆಕ್ಕ. ಎರಡನೆಯದನ್ನು ಮುಂದೆ ಇಳಿಸಿದರು, ಅದು ಬೇರೆ ಮಾತು. ಆ ಕಾಲಕ್ಕೆ ಒಂದು ಬಿಲ್ಡಿಂಗ್ ಕೇಸಿನಲ್ಲಿ ನೂರು ಕೋಟಿ ದಾಟಿದ ಮೊತ್ತ ಕೇಳಿ ಕೋರ್ಟ್ ಕ್ಯಾಂಟೀನಿನಲ್ಲಿ ಕಾಫಿ ಲೋಟ ಹಿಡಿದವರೆಲ್ಲ ಅದನ್ನೇ ಮಾತಾಡಿದರು. ಕಂಪನಿಗಳು ಸುಪ್ರೀಂ ಕೋರ್ಟಿಗೆ ಓಡಿದವು, ಅದು ಮತ್ತೆ ನ್ಯಾಯಮಂಡಳಿಗೇ ಕಳಿಸಿತು, ವಾದ ಮತ್ತೆ ನಡೆಯಿತು.

2016ರ ಮೇ 4ರ ತೀರ್ಪೇ ನಮ್ಮ ಡ್ರೈವರ್ ಅವರ ಪ್ಲಾಸ್ಟಿಕ್ ಕವರ್‌ವರೆಗೂ ಬಂದದ್ದು. ಅದರಲ್ಲಿ ಆ ಎರಡು ಯೋಜನೆಗಳ ಬಗ್ಗೆ ಆದೇಶಗಳಿದ್ದವು, ಒತ್ತುವರಿಯಾದ 3 ಎಕರೆ 10 ಗುಂಟೆ ಕೆರೆ ಜಾಗ ವಾಪಸ್ ಕೊಡಬೇಕು ಅನ್ನುವುದೂ ಸೇರಿ. ಅಷ್ಟಕ್ಕೇ ನಿಂತಿದ್ದರೆ ಅದು ಎರಡು ಕಂಪನಿಗಳ ಕೇಸಾಗಿ ಉಳಿಯುತ್ತಿತ್ತು. ಆದರೆ ನ್ಯಾಯಮಂಡಳಿ ಇನ್ನೊಂದು ಸಾಮಾನ್ಯ ನಿರ್ದೇಶನ ಕೊಟ್ಟಿತು, ಇಡೀ ಬೆಂಗಳೂರಿಗೆ ಅನ್ವಯಿಸುವಂಥದ್ದು: ಕೆರೆಯ ಅಂಚಿನಿಂದ 75 ಮೀಟರ್ ಖಾಲಿ ಬಿಡಬೇಕು. ಪ್ರಾಥಮಿಕ ರಾಜಕಾಲುವೆಗೆ 50 ಮೀಟರ್, ದ್ವಿತೀಯ ಹಂತದ್ದಕ್ಕೆ 35, ತೃತೀಯಕ್ಕೆ 25.

ಅಲ್ಲಿವರೆಗೆ ಜಾರಿಯಲ್ಲಿದ್ದದ್ದು ಪರಿಷ್ಕೃತ ಮಾಸ್ಟರ್ ಪ್ಲಾನ್ 2015. ಹೆಸರಲ್ಲಿ 2015 ಅಂತಿದ್ದರೂ ಸರ್ಕಾರ ಅದನ್ನ ಒಪ್ಪಿದ್ದು 2007ರಲ್ಲಿ. ಅದರಲ್ಲಿ ಕೆರೆಗೆ 30 ಮೀಟರ್, ಕಾಲುವೆಗಳಿಗೆ 50, 25, 15. ಎರಡು ಸಾಲು ಅಂಕಿ ಪಕ್ಕಪಕ್ಕ ಇಟ್ಟು ನೋಡಿದವರು "ಪ್ರಾಥಮಿಕ ಕಾಲುವೆಗೆ ಅದೇ 50 ಇದೆಯಲ್ಲ, ಬದಲಾಗಿಲ್ಲವಲ್ಲ" ಅಂತಾರೆ. ಇಲ್ಲೇ ಹೊಸಬರು ಎಡವೋದು. ಮಾಸ್ಟರ್ ಪ್ಲಾನಿನಲ್ಲಿ ಅಳತೆ ಕಾಲುವೆಯ ನಡುಮಧ್ಯದಿಂದ. ನ್ಯಾಯಮಂಡಳಿಯ ಆದೇಶದಲ್ಲಿ ಕಾಲುವೆಯ ಅಂಚಿನಿಂದ. ಅಗಲ 20 ಮೀಟರ್ ಇರುವ ಕಾಲುವೆ ಆದರೆ ಅದೇ '50' ಒಂದೊಂದು ಕಡೆ ಹತ್ತು ಮೀಟರ್ ಜಾಸ್ತಿ ನುಂಗುತ್ತೆ. ಅಂಕಿ ಓದಿದರೆ ಸಾಲಲ್ಲ, ಟೇಪಿನ ಸೊನ್ನೆ ಎಲ್ಲಿ ಇಡಬೇಕು ಅನ್ನೋದನ್ನೂ ಓದಬೇಕು.

ಡ್ರೈವರ್ ಅವರ ಸೈಟಿಗೆ ಬರೋಣ. ನಾನು ಗ್ರಾಮ ನಕಾಶೆ ತರಿಸಿದೆ, ಸರ್ವೆ ನಂಬರಿನ ಟಿಪ್ಪಣಿ, ಆಕಾರ್‌ಬಂದ್ (ಸರ್ವೆ ನಂಬರಿನ ವಿಸ್ತೀರ್ಣದ ದಾಖಲೆ) ತರಿಸಿದೆ. ನಕಾಶೆಯಲ್ಲಿ ಜೋಡಿ ಗೆರೆ ಕಾಣುತ್ತೆ, ಅದೇ ಕಾಲುವೆ. ಜಾಗಕ್ಕೆ ಹೋದರೆ ಪಾರ್ಥೇನಿಯಂ ಬೆಳೆದ ಒಂದು ಚರಂಡಿ, ಯಾರೋ ಹಳೇ ಟೈರ್ ಎಸೆದಿದ್ದಾರೆ, ಇದು ರಾಜಕಾಲುವೆ ಅಂದರೆ ರಾಜನಿಗೇ ಅವಮಾನ. ಸರ್ವೆಯರ್ ಜೊತೆ ನಿಂತು ಅಳೆಸಿದೆವು. ತೃತೀಯ ಹಂತದ ಕಾಲುವೆ, ಅಗಲ ಮೂರು ಮೀಟರ್. ನಡುಮಧ್ಯದಿಂದ ಸೈಟಿನ ಹತ್ತಿರದ ಗಡಿಗೆ 16 ಮೀಟರ್.

ಮಾಸ್ಟರ್ ಪ್ಲಾನ್ ಪ್ರಕಾರ ಬೇಕಾದ್ದು 15. ಅಂದರೆ ಒಂದು ಮೀಟರ್ ಅಂತರದಲ್ಲಿ ಬಚಾವ್, ಇಡೀ ಸೈಟು ಕ್ಲಿಯರ್. ಈಗ ಹೊಸ ಲೆಕ್ಕ ಹಾಕಿ. ಅಂಚಿನಿಂದ ಅಳೆದರೆ ಸೈಟು ಶುರುವಾಗೋದು 14.5 ಮೀಟರಿಗೆ. ಸೈಟಿನ ಆಳ 40 ಅಡಿ, ಅಂದರೆ 12.2 ಮೀಟರ್, ಮುಗಿಯೋದು 26.7ಕ್ಕೆ. ಬಿಡಬೇಕಾದ್ದು 25. ಹಿಂದುಗಡೆ ಉಳಿಯೋದು 1.7 ಮೀಟರ್, ಐದೂವರೆ ಅಡಿಯ ಒಂದು ಪಟ್ಟಿ.

ಅವರು ಕಾಗದದ ಮೇಲೆ ಆ ಪಟ್ಟಿಯನ್ನ ಬೆರಳಲ್ಲಿ ಅಳೆದು ನೋಡಿ, "ಬಟ್ಟೆ ಒಣಗಿ ಹಾಕೋಕೆ ಸಾಕು ಬಿಡಿ" ಅಂದರು. ನಗಬೇಕೋ ಬೇಡವೋ ಗೊತ್ತಾಗಲಿಲ್ಲ.

ಇಂಥವರು ಒಬ್ಬಿಬ್ಬರಲ್ಲ. ಊರ ತುಂಬ ಪ್ಲ್ಯಾನ್‌ಗಳು ನಿಂತವು, ಕಟ್ಟಿ ಮುಗಿಸಿದವರಿಗೆ ಓಸಿ (ವಾಸಕ್ಕೆ ಯೋಗ್ಯ ಅನ್ನೋ ಪ್ರಮಾಣಪತ್ರ) ನಿಂತಿತು, ಬ್ಯಾಂಕಿನವರು ಸಾಲದ ಮುಂದಿನ ಕಂತು ತಡೆದರು. ಇವರಲ್ಲಿ ಯಾರೂ ಆ ಕೇಸಿನಲ್ಲಿ ಪಾರ್ಟಿ ಅಲ್ಲ. ಯಾರಿಗೂ ನೋಟಿಸ್ ಬಂದಿಲ್ಲ. ದಿಲ್ಲಿಯಲ್ಲಿ ಎರಡು ಕಂಪನಿಗಳ ಮೇಲೆ ಕೇಸು ನಡೀತಿದೆ ಅಂತಲೂ ಡ್ರೈವರ್ ಅವರಿಗೆ ಗೊತ್ತಿರಲಿಲ್ಲ. ಪೇಪರಲ್ಲಿ ಓದಿದ್ದರೂ ಅದು ತನ್ನ ಮನೆಗೆ ಸಂಬಂಧಪಟ್ಟಿದ್ದು ಅಂತ ಯಾಕೆ ಅಂದುಕೊಳ್ಳುತ್ತಾರೆ?

ಹಾಗಂತ ನ್ಯಾಯಮಂಡಳಿ ಸುಮ್ನೆ ಹುಚ್ಚಾಟ ಆಡಿತು ಅಂತ ನಾನು ಹೇಳ್ತಿಲ್ಲ. ಅದೇ ಬೆಳ್ಳಂದೂರು ಕೆರೆಯಲ್ಲಿ ನೊರೆ ಎದ್ದು ರಸ್ತೆಗೆ ಹಾರುತ್ತಿತ್ತು. 2015ರ ಮೇನಲ್ಲಿ ನೊರೆಗೆ ಬೆಂಕಿ ಹತ್ತಿಕೊಂಡಿತು. 2017ರ ಫೆಬ್ರವರಿಯಲ್ಲಿ ಮತ್ತೆ ಬೆಂಕಿ. ಕೆರೆಗೆ ಬೆಂಕಿ ಹತ್ತುವ ಊರಲ್ಲಿ 30 ಮೀಟರ್ ಸಾಕಾ ಅಂತ ಒಬ್ಬ ನ್ಯಾಯಾಧೀಶರು ಕೇಳಿದರೆ ಅದು ತಪ್ಪು ಪ್ರಶ್ನೆ ಅಲ್ಲ.

ನಾನು ವಕೀಲಿಕೆ ಶುರು ಮಾಡಿದ್ದು ಒಂದು ಪುರಸಭೆಯ ಪ್ಯಾನಲ್ ವಕೀಲರ ಹತ್ತಿರ, ಅಂದರೆ ಪುರಸಭೆಯ ಪರವಾಗಿ ಕೇಸು ನಡೆಸುವವರ ಹತ್ತಿರ. ಮೊದಲ ಎರಡು ವರ್ಷ ನನ್ನ ಕೆಲಸ ಅಂದರೆ ಪುರಸಭೆಯಿಂದ ಬಂದ ಪ್ಯಾರಾವಾರು ಉತ್ತರವನ್ನ ಆಕ್ಷೇಪಣೆಯಾಗಿ ತಿದ್ದಿ ಬರೆಯೋದು. "ಸದರಿ ಪ್ಯಾರಾದಲ್ಲಿ ಹೇಳಿರುವುದು ಸುಳ್ಳು" ಅನ್ನೋ ಸಾಲನ್ನ ಎಷ್ಟು ಸಲ ಬರೆದಿದ್ದೇನೋ ಲೆಕ್ಕ ಇಲ್ಲ. ಫೀಸು ಬರೋದು ವರ್ಷಕ್ಕೊಂದು ಸಲ, ಅದೂ ಬಿಲ್ಲಿನ ಹಿಂದೆ ಓಡಾಡಿದರೆ. ಒಂದು ದಿನ ನಾನು ಯಾವುದೋ ಕೇಸಿನಲ್ಲಿ ಪರಿಸರ, ಮುಂದಿನ ಪೀಳಿಗೆ, ಸಂವಿಧಾನದ 21ನೇ ವಿಧಿ ಅಂತ ಎರಡು ಪುಟ ಬರೆದು ಕೊಟ್ಟೆ. ಸೀನಿಯರ್ ಓದಿದರು. ಪೆನ್ನಿನ ಕ್ಯಾಪ್ ಹಾಕಿದರು. "ಚೆನ್ನಾಗಿದೆಯಮ್ಮ. ಈಗ ಹೇಳು, ಇದನ್ನ ಮಾಡೋ ಅಧಿಕಾರ ಯಾರಿಗಿದೆ? ಯಾವ ಕಲಂ?" ನಾನು ಬಾಯಿ ಬಿಡಲಿಲ್ಲ. ಎರಡು ಪುಟದಲ್ಲಿ ಒಂದು ಕಲಂ ನಂಬರೂ ಇರಲಿಲ್ಲ.

ಈ ಕೇಸು ಓದುವಾಗ ಆ ಪೆನ್ನಿನ ಕ್ಯಾಪ್ ನೆನಪಾಗುತ್ತೆ.

ಹಸಿರು ನ್ಯಾಯಮಂಡಳಿ ಹುಟ್ಟಿದ್ದು 2010ರ ಕಾಯ್ದೆಯಿಂದ. ಕಲಂ 14ರಲ್ಲಿ ಪರಿಸರದ ವ್ಯಾಜ್ಯ ತೀರ್ಮಾನ ಮಾಡಬಹುದು. 15ರಲ್ಲಿ ಪರಿಹಾರ ಕೊಡಿಸಬಹುದು, ಹಾಳಾದ ಪರಿಸರವನ್ನ ಮೊದಲಿನ ಹಾಗೆ ಮಾಡಿಸಬಹುದು. 16ರಲ್ಲಿ ಅನುಮತಿಗಳ ವಿರುದ್ಧ ಮೇಲ್ಮನವಿ ಕೇಳಬಹುದು. ಒಂದೊಂದಕ್ಕೂ ಬೇರೆ ಬೇರೆ ವಾಯಿದೆ: 14ಕ್ಕೆ ಆರು ತಿಂಗಳು, 15ಕ್ಕೆ ಐದು ವರ್ಷ, 16ಕ್ಕೆ ಬರೀ 30 ದಿನ, ಕಾರಣ ಕೊಟ್ಟರೆ ಇನ್ನೊಂದು 60. ಕಂಪನಿಗಳ ದೊಡ್ಡ ವಾದ ಇಲ್ಲೇ ಇತ್ತು. ನಿಮಗೆ ನಿಜಕ್ಕೂ ಸಿಟ್ಟಿರೋದು ನಮ್ಮ ಪರಿಸರ ಅನುಮತಿ ಮೇಲೆ, ಅದಕ್ಕೆ 16ರಲ್ಲಿ ಬರಬೇಕಿತ್ತು, ವಾಯಿದೆ ಮುಗಿದು ಹೋಗಿದೆ, ಈಗ 15 ಅಂತ ಬೋರ್ಡ್ ಬದಲಾಯಿಸಿಕೊಂಡು ಬಂದಿದ್ದೀರಿ ಅಂತ. ಚೂಪಾದ ವಾದ. ನಾನು ಆ ಕಡೆ ಇದ್ದಿದ್ದರೂ ಅದನ್ನೇ ಮಾಡುತ್ತಿದ್ದೆ. ಆದರೆ ಅದು ನಿಲ್ಲಲಿಲ್ಲ, ಪರಿಸರವನ್ನ ಮೊದಲಿನ ಸ್ಥಿತಿಗೆ ತರಿಸುವ 15ರ ಅಧಿಕಾರ ತನ್ನ ಕಾಲ ಮೇಲೆ ತಾನೇ ನಿಲ್ಲುತ್ತೆ ಅಂತ ಸುಪ್ರೀಂ ಕೋರ್ಟ್ ಒಪ್ಪಿಕೊಂಡಿತು. ಅರ್ಜಿ ಬರೆದವರು ಕಲಂ ಸರಿಯಾಗಿ ಆರಿಸಿಕೊಂಡಿದ್ದರು. ಅದೇ ಅರ್ಜಿ 16ರ ಅಡಿ ಬಂದಿದ್ದರೆ ಬಾಗಿಲಲ್ಲೇ ಸತ್ತು ಹೋಗುತ್ತಿತ್ತು, 117 ಕೋಟಿಯ ಮಾತೂ ಬರುತ್ತಿರಲಿಲ್ಲ.

ಆಮೇಲೆ 75 ಮೀಟರ್. ಇದರ ವಿರುದ್ಧ ಕರ್ನಾಟಕ ಸರ್ಕಾರವೇ ಮೇಲ್ಮನವಿ ಹಾಕಿತ್ತು, ಬಿಲ್ಡರ್‌ಗಳೂ ಹಾಕಿದ್ದರು. 2019ರ ಮಾರ್ಚ್ 5ರಂದು ನ್ಯಾಯಮೂರ್ತಿಗಳಾದ ಎ.ಕೆ. ಸಿಕ್ರಿ, ಎಸ್. ಅಬ್ದುಲ್ ನಜೀರ್, ಎಂ.ಆರ್. ಶಾ ಅವರ ಪೀಠ ತೀರ್ಪು ಕೊಟ್ಟಿತು. ಎರಡು ಕಂಪನಿಗಳ ಮೇಲ್ಮನವಿ ವಜಾ. ಆದರೆ ಇಡೀ ಊರಿಗೆ ಹಾಕಿದ್ದ ಮೀಟರ್ ಲೆಕ್ಕದ ನಿರ್ದೇಶನವೂ ರದ್ದು.

ಯಾಕೆ ರದ್ದು ಅನ್ನೋದನ್ನ ಜಾಸ್ತಿ ಜನ ಓದಲೇ ಇಲ್ಲ. ಟಿವಿಯಲ್ಲಿ "ಬಿಲ್ಡರ್‌ಗಳಿಗೆ ಗೆಲುವು" ಅಂತ ಬಂತು. 75 ಮೀಟರ್ ಜಾಸ್ತಿ ಆಯಿತು, 30 ಸಾಕು, ಕೆರೆಗಳಿಗೆ ಏನೂ ಆಗಲ್ಲ ಅಂತ ಕೋರ್ಟ್ ಎಲ್ಲೂ ಹೇಳಲಿಲ್ಲ. ಅದು ಹೇಳಿದ ಮಾತು ಬೇರೆ. ಮಾಸ್ಟರ್ ಪ್ಲಾನ್ ಅನ್ನೋದು ಕರ್ನಾಟಕ ಪಟ್ಟಣ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ, 1961ರ ಅಡಿ ಆದದ್ದು. ಕರಡು ಪ್ರಕಟಿಸಿ, ಜನರಿಂದ ಆಕ್ಷೇಪಣೆ ಕರೆದು, ಸರ್ಕಾರದ ಒಪ್ಪಿಗೆ ಪಡೆದು ಬಂದದ್ದು. ಅದಕ್ಕೆ ಕಾನೂನಿನ ಬಲ ಇದೆ. ಪರಿಹಾರ ಕೊಡಿಸೋ ಅಧಿಕಾರ ಹಿಡಿದುಕೊಂಡು ನ್ಯಾಯಮಂಡಳಿ ಅದನ್ನ ತಿದ್ದುವ ಹಾಗಿಲ್ಲ. ನನ್ನ ಸೀನಿಯರ್ ಕೇಳಿದ್ದೂ ಇದನ್ನೇ: ಯಾವ ಕಲಂ?

ಪರಿಸರದ ಪರ ಕೆಲಸ ಮಾಡೋ ನನ್ನ ಗೆಳೆಯರು ಈ ತೀರ್ಪಿನ ಬಗ್ಗೆ ಇವತ್ತಿಗೂ ಬೇಜಾರು ಮಾಡಿಕೊಳ್ತಾರೆ. ಕಾನೂನಿನ ಮಟ್ಟಿಗೆ ನನಗೆ ಇದು ಸರಿ ಅನ್ನಿಸುತ್ತೆ. ಇವತ್ತು ಒಳ್ಳೇ ಉದ್ದೇಶಕ್ಕೆ ಒಂದು ನ್ಯಾಯಮಂಡಳಿ 30ನ್ನ 75 ಮಾಡಬಹುದು ಅಂತಾದರೆ ನಾಳೆ ಇನ್ನೊಂದು ಪೀಠ ಅದನ್ನೇ 10 ಮಾಡಬಹುದಲ್ವಾ? ಆಗ ನಾವೇ ಮೊದಲು ಓಡಿ ಹೋಗಿ "ಮಾಸ್ಟರ್ ಪ್ಲಾನ್ ಮುಟ್ಟೋ ಅಧಿಕಾರ ನಿಮಗಿಲ್ಲ" ಅಂತ ವಾದ ಮಾಡುತ್ತೇವೆ. ನನಗೆ ಬೇಜಾರಿರೋದು ಬೇರೆ ಕಡೆ. ಆ ಎರಡು ಜಾಗಕ್ಕೆ ಬೇಕಾದ ಆದೇಶ ಗಟ್ಟಿಯಾಗಿತ್ತು, ಕೊನೆವರೆಗೂ ನಿಂತಿತು. ಇಡೀ ಊರಿಗೆ ಅಂತ ಸೇರಿಸಿದ ಸಾಲು ಮಾತ್ರ ಬಿತ್ತು, ಬೀಳುವಾಗ ಮೂರು ವರ್ಷ ಸಾವಿರಾರು ಜನರನ್ನ ಒದ್ದಾಡಿಸಿ ಬಿತ್ತು, ಕೆರೆಗೂ ಒಂದು ಮೀಟರ್ ಲಾಭ ಆಗಲಿಲ್ಲ.

ಹಾಗಾದರೆ ಆ ಅಂಕಿಯನ್ನ ಬದಲಾಯಿಸೋ ದಾರಿ ಯಾವುದು? ಅದೇ 1961ರ ಕಾಯ್ದೆ. ಮಾಸ್ಟರ್ ಪ್ಲಾನನ್ನ ಹತ್ತು ವರ್ಷಕ್ಕೊಮ್ಮೆಯಾದರೂ ಪರಿಷ್ಕರಿಸಬೇಕು ಅಂತ ಅದರಲ್ಲೇ ಇದೆ. ಕರಡು ಬಂದಾಗ ಯಾರು ಬೇಕಾದರೂ ಆಕ್ಷೇಪಣೆ ಹಾಕಬಹುದು. ವಕೀಲರು ಬೇಕು ಅಂತಿಲ್ಲ, ಸ್ಟ್ಯಾಂಪ್ ಪೇಪರ್ ಬೇಡ, ಬಿಳಿ ಹಾಳೆ ಸಾಕು. ಹೈಕೋರ್ಟಿನ ರಿಟ್‌ಗಿಂತ ಆ ಒಂದು ಹಾಳೆ ಮುಖ್ಯ ಅಂತ ಹೇಳಿದರೆ ನನ್ನ ಜೂನಿಯರ್‌ಗಳು ನಂಬೋದೇ ಇಲ್ಲ, ಯಾಕಂದರೆ ಅದರಲ್ಲಿ ಕರಿ ಕೋಟಿಲ್ಲ, "ಮೈ ಲಾರ್ಡ್" ಇಲ್ಲ. ಕರಡಿನ ಹಂತದಲ್ಲಿ ಹಾಕಿದ ಆಕ್ಷೇಪಣೆಗೆ ಉತ್ತರ ಕೊಡದೆ ಪ್ಲಾನ್ ಮಾಡಿದರೆ ಆಮೇಲೆ ರಿಟ್ ಹಾಕೋಕೆ ಒಂದು ನೆಲೆ ಸಿಗುತ್ತೆ. ಆಗ ಬಾಯಿ ಮುಚ್ಚಿಕೊಂಡಿದ್ದು ಹತ್ತು ವರ್ಷ ಬಿಟ್ಟು ಕೋರ್ಟಿಗೆ ಹೋದರೆ ಮೊದಲ ಪ್ರಶ್ನೆಯೇ "ಆವಾಗ ಎಲ್ಲಿದ್ದಿರಿ?" 2031ರ ಪ್ಲಾನಿನ ಕರಡು 2017ರ ಕೊನೆಯಲ್ಲಿ ಬಂತು. ನಾವು ಒಂದಿಷ್ಟು ಜನ ಕೂತು ಆಕ್ಷೇಪಣೆ ಬರೆದೆವು. ನಮ್ಮ ಬಡಾವಣೆಯಲ್ಲಿ ಮನೆಮನೆಗೆ ಹೋಗಿ ಸಹಿ ಕೇಳಿದರೆ "ಇದೆಲ್ಲ ಯಾರು ಓದ್ತಾರೆ ಮೇಡಂ" ಅಂದರು. ಕೊನೆಗೆ ಆ ಕರಡು ಅಂತಿಮ ಆಗಲೇ ಇಲ್ಲ. ಓದಿದ್ದರೋ ಇಲ್ಲವೋ, ಆಕ್ಷೇಪಣೆ ಕಡತದಲ್ಲಿದೆ, ಸ್ವೀಕೃತಿ ನನ್ನ ಹತ್ತಿರ ಇದೆ.

ಈ ಕೆಲಸದಲ್ಲಿ ಇನ್ನೊಂದು ಕಷ್ಟ ಇದೆ, ಹೇಳದಿದ್ದರೆ ಮೋಸ ಆಗುತ್ತೆ. ಸ್ಥಳೀಯ ಸಂಸ್ಥೆಯ ಪ್ಯಾನಲ್‌ನಲ್ಲಿ ಇದ್ದಾಗ ಒಂದು ಕೇಸಿನಲ್ಲಿ ಕಾಲುವೆ ಉಳಿಸಬೇಕು ಅಂತ ವಾದ ಮಾಡ್ತೀರಿ, ಮುಂದಿನ ವಾರ ಅದೇ ಸಂಸ್ಥೆ ಕಾಲುವೆ ಮೇಲೆ ರಸ್ತೆ ಮಾಡಿದ್ದನ್ನ ಸಮರ್ಥಿಸಬೇಕಾಗುತ್ತೆ. ನಾನು ಆರು ವರ್ಷ ಇದ್ದು ಹೊರಗೆ ಬಂದೆ. ಆದರ್ಶಕ್ಕೆ ಅಂತ ಹೇಳಿಕೊಳ್ಳಬಹುದು, ನಿಜ ಹೇಳಬೇಕಂದರೆ ಬಿಲ್ ಬಾಕಿಯೂ ಒಂದು ಕಾರಣ. ಆದರೆ ಆ ಆರು ವರ್ಷ ಇಲ್ಲದಿದ್ದರೆ ನನಗೆ ಖರಾಬು (ಸಾಗುವಳಿಗೆ ಬಾರದ) ಜಮೀನಿನಲ್ಲಿ 'ಎ' ಯಾವುದು 'ಬಿ' ಯಾವುದು, ಕಡತ ಯಾವ ಟೇಬಲ್ಲಿನಿಂದ ಯಾವ ಟೇಬಲ್ಲಿಗೆ ಹೋಗುತ್ತೆ, ಎಂಜಿನಿಯರ್ ಷರಾ ಬರೆಯುವಾಗ "ಪರಿಶೀಲಿಸಬಹುದು" ಅಂದರೆ ಏನರ್ಥ, "ಪರಿಶೀಲಿಸಿದೆ" ಅಂದರೆ ಏನರ್ಥ, ಯಾವುದೂ ಗೊತ್ತಾಗುತ್ತಿರಲಿಲ್ಲ. ಕಾಲೇಜಿನಲ್ಲಿ ಇದನ್ನ ಹೇಳಿಕೊಡಲ್ಲ. ಒಂದಷ್ಟು ದಿನ ಆ ಕಡೆ ಕೂತು ಬರೋದು ಒಳ್ಳೇದು ಅಂತಲೇ ನನ್ನ ಅನಿಸಿಕೆ.

ಡ್ರೈವರ್ ಅವರಿಗೆ ನಾನು 2016ರಲ್ಲಿ ಏನು ಹೇಳಿದೆ? ರಿಟ್ ಹಾಕಬೇಡಿ ಅಂದೆ. ಅಷ್ಟು ಹೊತ್ತಿಗೆ ವಿಷಯ ಸುಪ್ರೀಂ ಕೋರ್ಟಿನ ಕಡೆ ಹೊರಟಿತ್ತು, ದೊಡ್ಡವರು ಕೋಟಿ ಖರ್ಚು ಮಾಡಿ ಮಾಡೋ ವಾದವನ್ನ ಇವರು ಪಿಎಫ್ ದುಡ್ಡಲ್ಲಿ ಮಾಡೋದು ಬೇಡ. ಅದರ ಬದಲು ಸರ್ವೆ ಸ್ಕೆಚ್‌ಗೆ ಸೀಲು ಹಾಕಿಸಿಕೊಳ್ಳಿ, 16 ಮೀಟರ್ ಅನ್ನೋದು ಸರ್ಕಾರಿ ಕಾಗದದಲ್ಲಿ ಇರಲಿ, ಅರ್ಜಿ ವಾಪಸ್ ತಗೋಬೇಡಿ, ಬಾಕಿ ಇರಲಿ ಅಂದೆ. ಸೈಟು ಅರ್ಧ ರೇಟಿಗೆ ಕೇಳೋಕೆ ಬ್ರೋಕರ್‌ಗಳು ಬಂದಿದ್ದರು, ಮಾರಬೇಡಿ ಅಂತಲೂ ಹೇಳಿದೆ. ಅದು ಕಾನೂನು ಸಲಹೆ ಅಲ್ಲ, ಧೈರ್ಯದ ಮಾತು ಅಷ್ಟೇ. ತಪ್ಪಾಗಿದ್ದರೆ ನನ್ನ ತಲೆ ಮೇಲೆ ಬರುತ್ತಿತ್ತು. ಮೂರು ವರ್ಷ ಬಾಡಿಗೆ ಮನೆಯಲ್ಲೇ ಇದ್ದರು. 2019ರ ಮಾರ್ಚ್‌ನಲ್ಲಿ ತೀರ್ಪು ಬಂದ ವಾರವೇ ಅದೇ ಜವಳಿ ಅಂಗಡಿ ಕವರ್ ಹಿಡಿದು ಬಂದರು. ಸೀಲಿನ ಸ್ಕೆಚ್ ಇತ್ತು, ಕೆಲಸ ಸುಲಭ ಆಯಿತು. ಮುಂದಿನ ವರ್ಷದ ಕೊನೆಗೆ ಗೃಹಪ್ರವೇಶ.

2022ರ ಸೆಪ್ಟೆಂಬರ್ ಮೊದಲ ವಾರ ಮಳೆ ಸುರಿದು ಬೆಳ್ಳಂದೂರು, ಹೊರ ವರ್ತುಲ ರಸ್ತೆ ಕಡೆಯೆಲ್ಲ ಮುಳುಗಿತಲ್ಲ, ಆಗ ನನಗೆ ಆ 16 ಮೀಟರ್ ನೆನಪಾಗಿ ಫೋನ್ ಮಾಡಿದೆ.

"ಕಾಲುವೆ ತುಂಬಿ ಮೇಲೆ ಬಂತು ಲಾಯರಮ್ಮ, ಎರಡನೇ ಮೆಟ್ಟಿಲು ಮುಟ್ಟಿ ನಿಂತಿತು. ಮೂರನೇದು ದಾಟಿದ್ದರೆ ಹಾಲ್ ಒಳಗೇ" ಅಂದರು. ಸ್ವಲ್ಪ ಹೊತ್ತು ಇಬ್ಬರೂ ಮಾತಾಡಲಿಲ್ಲ. ಆಮೇಲೆ ಅವರೇ ದನಿ ತಗ್ಗಿಸಿ, "ಪಕ್ಕದ ಸೈಟಿನವನು ಕಾಲುವೆ ಮೇಲೆ ಸ್ಲ್ಯಾಬ್ ಹಾಕ್ತಿದ್ದಾನೆ, ಕಾರು ನಿಲ್ಲಿಸೋಕೆ. ಅದಕ್ಕೇ ನೀರು ಈ ಕಡೆ ತಿರುಗಿದ್ದು. ಏನಾದ್ರೂ ಮಾಡೋಕಾಗುತ್ತಾ?"

ನಕಾಶೆ ತಗೊಂಡು ಬನ್ನಿ ಯಜಮಾನ್ರೇ, ಸ್ಲ್ಯಾಬಿನ ಫೋಟೋನೂ ತೆಗೆದಿಟ್ಟುಕೊಳ್ಳಿ ಅಂದೆ.